ಮೂರು ಕೆಲಸದ ನಿಂಗವ್ವ

ಹೋದ ವಾರ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಸುರಪುರಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ರಂಗಂಪೇಟೆಯ ಗಲ್ಲಿಯೊಳಗೆ ಒಬ್ಬಳೇ ಬರುತ್ತಿದ್ದೆ. ಅರ್ಧ ತೆರೆದಿದ್ದ ಒಂದು ಬಾಗಿಲಿನಿಂದ ಬಿಸಿ ಮೇಣದ ವಾಸನೆ ಬಂತು. ಮೇಣದಬತ್ತಿ ಆರಿದಾಗ ಬರುವ ವಾಸನೆಯಲ್ಲ ಅದು. ಪಾತ್ರೆಯಲ್ಲಿ ಮೇಣ ಕರಗಿಸಿ, ಅದರಲ್ಲಿ ಮನುಷ್ಯರ ಕೈ ಅದ್ದಿ ಅದ್ದಿ ತೆಗೆದಾಗ ಬರುವ ವಾಸನೆ. ಕಾಲು ತಾವಾಗಿಯೇ ನಿಂತವು. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ನಕ್ಕುಬಿಟ್ಟೆ. ಎದುರಿಗೆ ಬರುತ್ತಿದ್ದ ಹೆಣ್ಣುಮಗಳು ಈ ಮುದುಕಿಗೆ ಏನಾಯಿತೋ ಎಂದು ಹೊರಳಿ ಹೊರಳಿ ನೋಡಿದಳು. ನೋಡಲಿ. ಆ ವಾಸನೆಯ ಹಿಂದೆ ನನ್ನದೊಂದು ಇಡೀ ಮಳೆಗಾಲ ನಿಂತಿತ್ತು, ಅವಳಿಗೇನು ಗೊತ್ತು.

ನಾನು ಎರಡನೇ ಇಯತ್ತೆ ಮುಗಿಸಿ ಕುರಿ ಹಿಂದೆ ಹೋದವಳು. ಅಕ್ಷರ ಬರುತ್ತವೆ, ಜೋಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಇದನ್ನು ನಾನೇ ಬರೆಯಬೇಕು, ಯಾಕೆಂದರೆ ಇದರೊಳಗಿನ ಅರ್ಧ ಕೆಲಸ ಮಾಡಿದ್ದು ನನ್ನ ಹೆಬ್ಬೆರಳು.

ನಮ್ಮೂರು ಶಹಾಪುರ ತಾಲೂಕಿನ ಸಗರ. ಹೊಲ ಸ್ವಲ್ಪ, ಕುರಿ ಬಹಳ. ಮಳೆ ಹಿಡಿಯಿತೆಂದರೆ ನಮ್ಮ ಎರೆನೆಲ ಕಲಸಿದ ಹಿಟ್ಟಿನಂತಾಗುತ್ತದೆ, ಕುರಿಯ ಗೊರಸಿನ ಸಂದಿಯಲ್ಲಿ ಕೆಸರು ಕೂತು ಕಾಲು ಕೊಳೆಯುತ್ತವೆ. ಅದಕ್ಕೆ ಮಗ ಬೀರಪ್ಪ, ಸೊಸೆ ಶಾಂತವ್ವ ಹಿಂಡು ಹೊಡೆದುಕೊಂಡು ವನದುರ್ಗದ ಕಲ್ಲುಗುಡ್ಡದ ಕಡೆ ಹೋಗಿ ಹಟ್ಟಿ ಹಾಕುತ್ತಾರೆ. ಮನೆಯಲ್ಲಿ ನಾನು, ಗಬ್ಬದ ಕುರಿಗಳು, ನಡೆಯಲಾರದ ಮರಿಗಳು. ಆ ವರ್ಷ ಅವರ ಮಗಳು, ನನ್ನ ಮೊಮ್ಮಗಳು ರೇಣುಕಾ ಕೂಡ ನನ್ನ ಜೊತೆ ಉಳಿದಳು, ಬಲಗೈಗೆ ಪಟ್ಟಿ ಕಟ್ಟಿಕೊಂಡು.

ಬೇಸಿಗೆಯ ಕೊನೆಗೆ ಆದದ್ದು. ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ಕಣಿಕೆ ಒಡ್ಡುತ್ತಿದ್ದಳು. ನಾನು ಚಹಾಕ್ಕೆ ಕೂಗಿದೆ. ಮುಖ ತಿರುಗಿಸಿದಳು, ಕೈ ತೆಗೆಯಲಿಲ್ಲ. ಬೆರಳು ಯಾವುದೂ ಹೋಗಲಿಲ್ಲ, ಆದರೆ ಹೆಬ್ಬೆರಳು, ತೋರುಬೆರಳು ಮಡಚುವ ನರ ಕಡಿದಿದ್ದವು. ಕಲಬುರಗಿಯಲ್ಲಿ ಡಾಕ್ಟರು ಆ ನರಗಳನ್ನು ಜೋಡಿಸಿ ಹೊಲಿದರು. ನಾನು ಕೂಗದೆ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ, ದೇವರಿಗೇ ಗೊತ್ತು. ಅವಳು ಮಾತ್ರ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅದು ಇನ್ನೂ ಭಾರವಾಗಿತ್ತು.

ರೇಣುಕಾಗೆ ಆಗ ಹತ್ತೊಂಬತ್ತು. ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಕೋರ್ಸಿಗೆ ಯಾದಗಿರಿಯಲ್ಲಿ ಸೀಟು ಸಿಕ್ಕಿತ್ತು. ದಸರಾ ಮುಗಿದ ಮೇಲೆ ಹೋಗಿ ಸೇರಿಕೊಳ್ಳಬೇಕು. ಹೆಬ್ಬೆರಳು ಮಡಚದಿದ್ದರೆ ಸೂಜಿ ಹಿಡಿಯುವುದು ಹೇಗೆ? ಆ ಪ್ರಶ್ನೆ ನಮ್ಮ ನಡುಮನೆಯಲ್ಲಿ ಬಂದು ಕೂತಿತ್ತು. ಇಬ್ಬರೂ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದೆವು, ಯಾರೂ ಮಾತನಾಡಿಸುತ್ತಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ವಾರಕ್ಕೆ ಎರಡು ಸಲ ಶಹಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ರಂಗಂಪೇಟೆಗೆ ಹೋಗುತ್ತಿದ್ದೆವು. ಅಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಒಬ್ಬ ಮೇಡಂ ಇದ್ದರು. ರೇಣುಕಾಳ ಕೈಯನ್ನು ಬಿಸಿ ಮೇಣದಲ್ಲಿ ಅದ್ದಿಸಿ, ಅದು ಬಿಳಿ ಕೈಗವಸಿನಂತೆ ಗಟ್ಟಿಯಾದ ಮೇಲೆ ಸುಲಿದು, ಬೆಚ್ಚಗಿನ ಬೆರಳನ್ನು ಮೆಲ್ಲಗೆ ಮಡಚುತ್ತಿದ್ದರು. ಅವರು ಮಡಚಿದರೆ ಮಡಚುತ್ತಿತ್ತು. ನೀನೇ ಮಡಚು ಎಂದರೆ ರೇಣುಕಾ ಕಣ್ಣು ಮುಚ್ಚಿ ಹಲ್ಲು ಕಚ್ಚುವಳು, ಬೆರಳು ಅಲುಗದು. ಒಂದು ದಿನ ಮೇಡಂ ನನ್ನನ್ನು ಹೊರಗೆ ಕರೆದರು.

“ಹೊಲಿಗಿ ಗಟ್ಟಿ ಆಗ್ಯಾದ ಅಮ್ಮಾ. ಅದಕ್ಕಿಂತ ಅಂಜಿಕಿ ಗಟ್ಟಿ ಆಗ್ಯಾದ. ಮಡಚಿದ್ರ ಮತ್ತ ಹರೀತದ ಅಂತ ತಿಳಕೊಂಡಾಳ. ಹಿಂಗ ಬಿಟ್ರ ಬೆರಳು ಕಟಗಿ ಆಗ್ತದ, ಆಮ್ಯಾಲ ನಾನೂ ಏನೂ ಮಾಡಾಕ ಆಗಲ್ಲ.”

ಮನೆಯಲ್ಲಿ ಹಿಚುಕಲೆಂದು ಒಂದು ಸ್ಪಂಜಿನ ಚೆಂಡು ಕೊಟ್ಟರು. ರೇಣುಕಾ ಅದನ್ನು ಮರಿಗಳ ಕಡೆ ಎಸೆದಳು. ಮರಿಗಳು ಮೂಸಿ ನೋಡಿ ಅಲ್ಲೇ ಬಿಟ್ಟವು.

ಈಗ ಆಟದ ಮಾತಿಗೆ ಬರುತ್ತೇನೆ. ಅದು ಫೋನಿನಲ್ಲಿ ಆಡುವ ಆಟ, ಆದರೆ ಒಬ್ಬರೇ ಆಡುವುದಲ್ಲ. ದೂರದೂರದ ಊರಿನವರು ಒಂದೇ ಹೊತ್ತಿಗೆ ಸೇರಿ, ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತ ಆಡುತ್ತಾರೆ. ಒಬ್ಬೊಬ್ಬರಿಗೆ ಒಂದು ಪಾತ್ರ, ಅದಕ್ಕೊಂದು ಹೆಸರು, ಒಂದು ಕಸುಬು. ಕೆಲವರು ಮುಂದೆ ನಿಂತು ಗುರಾಣಿ ಹಿಡಿದು ಏಟು ತಡೆಯುವವರು. ಕೆಲವರು ಹಿಂದೆ ನಿಂತು ಬಿದ್ದವರ ಗಾಯ ಮಾಯಿಸುವವರು. ಕೆಲವರು ಪಕ್ಕದಿಂದ ನುಗ್ಗಿ ಹೊಡೆಯುವವರು. ಕೈಗೆ ಪೆಟ್ಟಾಗುವ ಮೊದಲು ರೇಣುಕಾಳದು ಹೊಡೆಯುವ ಪಾತ್ರ. ಎರಡು ಕತ್ತಿಯ ಹುಡುಗಿ, ಗಾಳಿಯಂತೆ ತಿರುಗುವವಳು. ಆ ಆಟಕ್ಕೆ ಎಡ ಹೆಬ್ಬೆರಳು ನಡೆಸುವುದಕ್ಕೆ, ಬಲ ಹೆಬ್ಬೆರಳು ಕೆಲಸ ಮಾಡುವುದಕ್ಕೆ. ಬಲಗೈ ಹೋದ ಮೇಲೆ ಆ ಹುಡುಗಿ ಬರೇ ಅತ್ತಿತ್ತ ನಡೆಯುತ್ತಿದ್ದಳು. ಕತ್ತಿ ಸೊಂಟದಲ್ಲೇ ಇರುತ್ತಿದ್ದವು.

ಒಂದು ಮಧ್ಯಾಹ್ನ ನಾನು ಬೇಳೆ ಆರಿಸುತ್ತ ಕೂತಿದ್ದೆ. ರೇಣುಕಾ ಎಡಗೈಯಲ್ಲಿ ಫೋನು ಹಿಡಿದು ಬಂದು ಪಕ್ಕದಲ್ಲಿ ಕೂತಳು. “ಆಯಿ, ಇಲ್ಲಿ ಒತ್ತು” ಅಂದಳು. ಒತ್ತಿದೆ. ಗಾಜಿನೊಳಗೆ ಒಬ್ಬಳು ಕತ್ತಿ ಬೀಸಿದಳು. ನನಗೆ ಅಂಜಿಕೆಯಾಗಿ ಕೈ ತೆಗೆದೆ. ಇನ್ನೊಮ್ಮೆ ಅಂದಳು, ಇನ್ನೊಮ್ಮೆ ಒತ್ತಿದೆ. ಹೀಗೆ ನಾನು ಅವಳ ಬಲಗೈ ಆದೆ. ಎರಡು ತಿಂಗಳಿಂದ ಗೋಡೆ ನೋಡುತ್ತಿದ್ದ ಹುಡುಗಿ ಅಷ್ಟಾದರೂ ಬಾಯಿ ಬಿಟ್ಟಳಲ್ಲ. ನಾನು ಕತ್ತಿ ಬೀಸುವುದಿರಲಿ, ತೋಪು ಹಾರಿಸು ಎಂದರೂ ಹಾರಿಸುತ್ತಿದ್ದೆ.

ಆದರೆ ನನ್ನ ಹೆಬ್ಬೆರಳು ಮುದಿ ಹೆಬ್ಬೆರಳು. ಗಾಳಿಯಂತೆ ತಿರುಗುವ ಹುಡುಗಿಗೆ ಅದು ಸಾಲದು. ನಾನು ಒಮ್ಮೆ ಒತ್ತುವಷ್ಟರಲ್ಲಿ ಎದುರಿನವರು ಮೂರು ಏಟು ಹಾಕಿರುತ್ತಿದ್ದರು. ಆಗ ರೇಣುಕಾ ಒಂದು ವಿಚಾರ ಮಾಡಿದಳು. ಹೊಸ ಪಾತ್ರ ಕಟ್ಟೋಣ, ಮೂರೂ ಕೆಲಸ ಬರುವಂಥದು ಕಟ್ಟೋಣ ಅಂದಳು. ಮೂರು ಕೆಲಸಕ್ಕೆ ಮೂರು ಪಾತ್ರ ಬೆಳೆಸುವುದೆಂದರೆ ಒಂದೊಂದನ್ನೂ ಮೊದಲ ಮೆಟ್ಟಿಲಿನಿಂದ ಎತ್ತಬೇಕು, ವರ್ಷ ಸಾಲದು. ನಮ್ಮ ಕೈಗಳ ಭರವಸೆಯೂ ಇಲ್ಲ. ಕೈ ಸರಿಯಾಗಿ ನಡೆದ ದಿನ ಹೊಡೆಯಬೇಕು, ನಡೆಯದ ದಿನ ಗುರಾಣಿ ಹಿಡಿದು ನಿಲ್ಲಬೇಕು, ಇಲ್ಲವೇ ಹಿಂದೆ ಕೂತು ಗಾಯ ಮಾಯಿಸಬೇಕು. ಎಲ್ಲವೂ ಒಬ್ಬಳಲ್ಲೇ ಇದ್ದರೆ ಆಟ ನಿಲ್ಲುವುದಿಲ್ಲ. ಹೆಸರು ಏನು ಇಡುತ್ತೀ ಅಂದೆ. ನಗದೆ, “ನಿಂದೇ” ಅಂದಳು. ನಿಂಗವ್ವ ಎಂದು ಬರೆದಳು.

ಅವರ ಗುಂಪಿಗೆ ಒಬ್ಬ ಮುಂದಾಳು ಇದ್ದ. ಹುಬ್ಬಳ್ಳಿ ಕಡೆಯ ಬಟ್ಟೆ ಅಂಗಡಿಯವನು, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆಡುತ್ತಿದ್ದ. ಆಟದಲ್ಲಿ ಅವನ ಹೆಸರು ಸರದಾರ. ಗಾಯ ಮಾಯಿಸಲು ಮೈಸೂರು ಕಡೆಯ ಒಬ್ಬ ಅಕ್ಕ ಇದ್ದಳು, ಮಾತು ಬೆಣ್ಣೆಯಂತೆ. ಗುರಾಣಿ ಹಿಡಿಯಲು ಒಬ್ಬನಿದ್ದ, ಅವನು ಬಾಯೇ ಬಿಡುವವನಲ್ಲ. ಮೊದಲ ದಿನ ಫೋನಿನೊಳಗಿಂದ ಒಬ್ಬ ಗಂಡಸು ಗಟ್ಟಿಯಾಗಿ, “ನಿಂಗವ್ವಾ, ಹಿಂದಕ್ಕ ಸರಿ” ಎಂದ. ಗೊತ್ತಿಲ್ಲದ ಗಂಡಸು ಹೆಸರು ಹಿಡಿದು ಕರೆದನಲ್ಲ ಎಂದು ನಾನು ಗಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡೆ. ರೇಣುಕಾ ನಕ್ಕಳು. ಆ ಮಳೆಗಾಲದ ಮೊದಲ ನಗು ಅದು. ನನ್ನ ಮರ್ಯಾದೆ ಹೋದರೆ ಹೋಗಲಿ ಎನಿಸಿತು.

ಸರಿ, ತಪ್ಪು ಮಾಡಿದ್ದು ನಾನು. ಮುಚ್ಚಿಡುವುದು ಯಾಕೆ.

ಆ ಆಟದಲ್ಲಿ ಒಂದೊಂದು ಮೆಟ್ಟಿಲು ಹತ್ತಿದಾಗ ಪಾತ್ರಕ್ಕೆ ಅಂಕ ಬರುತ್ತವೆ. ಆ ಅಂಕಗಳನ್ನು ಮೂರು ಕಡೆ ಹಾಕಬಹುದು. ತೋಳಿನ ಚಿತ್ರದ ಮುಂದೆ ಹಾಕಿದರೆ ಏಟು ಬಲವಾಗುತ್ತದೆ. ಎದೆಯ ಚಿತ್ರದ ಮುಂದೆ ಹಾಕಿದರೆ ತಾಳಿಕೆ ಹೆಚ್ಚುತ್ತದೆ. ಎಲೆಯ ಚಿತ್ರದ ಮುಂದೆ ಹಾಕಿದರೆ ಗಾಯ ಬೇಗ ಮಾಯುತ್ತದೆ. ಒಮ್ಮೆ ಹಾಕಿದ್ದು ವಾಪಸು ಬರುವುದಿಲ್ಲ. ರೇಣುಕಾ ಹದಿನೆಂಟು ಅಂಕ ಖರ್ಚು ಮಾಡದೆ ಕೂಡಿಟ್ಟಿದ್ದಳು, ಎಲ್ಲಿ ಎಷ್ಟು ಹಾಕಬೇಕೆಂದು ದಿನಾ ಲೆಕ್ಕ ಹಾಕುತ್ತಿದ್ದಳು. ಒಂದು ದಿನ ಅವಳು ತಲೆಗೆ ನೀರು ಹಾಕಿಕೊಳ್ಳಲು ಹೋದಾಗ ಫೋನು ನನ್ನ ತೊಡೆಯ ಮೇಲಿತ್ತು. ಆ ಮೂರು ಚಿತ್ರಗಳ ಮುಂದೆ ಕೆಂಪು ಚುಕ್ಕಿ ಮಿನುಗುತ್ತಿತ್ತು. ನನಗೆ ಮೂರು ಹಸಿದ ಬಾಯಿ ಕಂಡಂತಾಯಿತು.

ನಮ್ಮ ಹಟ್ಟಿಯಲ್ಲಿ ಹಂಚುವ ಕೆಲಸ ಹಿರಿಯ ಹೆಣ್ಣಿನದು. ನಲವತ್ತು ವರ್ಷ ಆ ಕೆಲಸ ನನ್ನದು. ಹಂಚುವವಳು ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಮಾಡುವಂತಿಲ್ಲ. ಹಿಂಡು ಕಾಯುವ ನಾಯಿಗೂ ಗಂಡಸಿಗೂ ಒಂದೇ ಅಳತೆಯ ರೊಟ್ಟಿ. ನಾಯಿಯ ರೊಟ್ಟಿ ಚಿಕ್ಕದಾದರೆ ಆ ವರ್ಷ ತೋಳದ ಕಾಟ ಎನ್ನುತ್ತಾರೆ. ಹಾಗೆ ಕೈಗೆ ಹತ್ತಿದ ಅಭ್ಯಾಸ. ತೋಳಿಗೆ ಆರು, ಎದೆಗೆ ಆರು, ಎಲೆಗೆ ಆರು. ಕೆಂಪು ಚುಕ್ಕಿ ಆರಿದವು. ಒಂದು ಹಟ್ಟಿಗೆ ಉಣಿಸಿದಷ್ಟು ಸಮಾಧಾನವಾಯಿತು ನನಗೆ.

ಅವತ್ತೇ ಮಧ್ಯಾಹ್ನ ಆ ಆಟದ ಕೋಟೆಗೆ ಹೋದರು. ನಮ್ಮ ವನದುರ್ಗದ ಕೋಟೆಯಂಥದೇ, ಕಬ್ಬಿಣದ ಬಾಗಿಲು, ಅದನ್ನು ಕಾಯುವ ಒಬ್ಬ ಸುತ್ತಿಗೆ ರಾಕ್ಷಸ. ನಿಂಗವ್ವ ಗುರಾಣಿ ಹಿಡಿದಳು, ಗುರಾಣಿ ತಾಳಲಿಲ್ಲ. ಎಲೆ ಹಚ್ಚಿದಳು, ಗಾಯ ಮಾಯಲಿಲ್ಲ. ಹೊಡೆದಳು, ರಾಕ್ಷಸ ಹೊರಳಿಯೂ ನೋಡಲಿಲ್ಲ. ಮೂರು ಸಲ ಸತ್ತಳು. ಸರದಾರ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಹೇಳಿದ.

“ಎಲ್ಲಾ ಬರ್ತೈತಿ ಅಂದ್ರ ಯಾವುದೂ ಬರೂದಿಲ್ಲ ಅಂತ ಅರ್ಥ ತಂಗಿ. ಒಂದು ಕೆಲಸ ಹಿಡಿ, ಆಮ್ಯಾಲ ಬಾ.”

ಗುಂಪಿನಿಂದ ನಿಂಗವ್ವನ ಹೆಸರು ಅಳಿಸಿದ. ರೇಣುಕಾ ಅಂಕಗಳನ್ನು ತೆಗೆದು ನೋಡಿದಳು. ಆರು, ಆರು, ಆರು. ನನ್ನ ಕಡೆ ತಿರುಗಿ, “ಯಾರು ಹೇಳಿದ್ರು ನಿನಗ ಮುಟ್ಟು ಅಂತ?” ಎಂದಳು. ಅಷ್ಟೇ. ಫೋನನ್ನು ನನ್ನ ಚೀಲದಲ್ಲಿ ಹಾಕಿ, ಬಲಗೈ ಮೇಲೆ ದುಪಟ್ಟ ಸುತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಎಂಟು ದಿನ ಹಾಗೇ ಹೋದವು. ರಂಗಂಪೇಟೆಯ ಮೇಡಂ ಬೆರಳು ಅಳೆದು ನೋಡಿ, ಮೊದಲಿಗಿಂತ ಬಿಗಿಯಾಗಿದೆ ಎಂದರು. ಮಡಚಿಸಿದಾಗ ರೇಣುಕಾ ಅಳಲೂ ಇಲ್ಲ. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಒಮ್ಮೆ ಕೂಗಿ ಕೆಡಿಸಿದೆ, ಇನ್ನೊಮ್ಮೆ ಹಂಚಿ ಕೆಡಿಸಿದೆ. ಹೊರಗೆ ಭತ್ತದ ಗದ್ದೆಗಳಲ್ಲಿ ನೀರು ತುಂಬಿ ಬೆಳ್ಳಗೆ ಕಾಣುತ್ತಿತ್ತು. ಬೇರೆ ವರ್ಷವಾದರೆ ನೋಡಿ ಖುಷಿ ಪಡುವಂಥ ನೀರು.

ಒಂಬತ್ತನೆಯ ದಿನ ಹಟ್ಟಿಗೆ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟು ಬರಲು ವನದುರ್ಗಕ್ಕೆ ಹೊರಟೆ. ಅವಳೊಬ್ಬಳನ್ನೇ ಬಿಡುವ ಧೈರ್ಯ ಇರಲಿಲ್ಲ, ಜೊತೆಗೆ ಕರೆದುಕೊಂಡು ಹೋದೆ. ಜಿಟಿಜಿಟಿ ಮಳೆ. ಮಗ ಹಿಂಡಿನ ಜೊತೆ ಗುಡ್ಡದ ಆ ಕಡೆ ಹೋಗಿದ್ದ. ಕೋಟೆಯ ಕೆಳಗಿನ ಬಂಡೆಯ ಮರೆಯಲ್ಲಿ ಶಾಂತವ್ವ ಒಬ್ಬಳೇ ಇದ್ದಳು. ಮೂರು ಕವಲಿನ ಒಂದು ಗೂಟ ನೆಟ್ಟಿದ್ದಳು. ಒಂದು ಕವಲಿಗೆ ಅಡುಗೆಯ ಗಂಟು, ಇನ್ನೊಂದಕ್ಕೆ ಕುರಿಗಳ ಔಷಧದ ಗಂಟು, ಮೂರನೆಯದಕ್ಕೆ ಬಡಿಗೆ, ಕೊಡಲಿ. ನಾವು ಕೂತಿರುವಾಗಲೇ ಒಂದು ಕುಂಟುವ ಮರಿ ಬಂತು. ಶಾಂತವ್ವ ಅಡುಗೆಯ ಗಂಟು ಕಟ್ಟಿ ಗೂಟಕ್ಕೆ ಹಾಕಿ, ಔಷಧದ ಗಂಟು ತೆಗೆದು, ಗೊರಸು ತೊಳೆದು ಮದ್ದು ಹಚ್ಚಿದಳು. ಅಷ್ಟರಲ್ಲಿ ನಾಯಿ ಬೊಗಳಿತು. ಔಷಧದ ಗಂಟು ಗೂಟಕ್ಕೆ ಹೋಯಿತು, ಬಡಿಗೆ ಕೈಗೆ ಬಂತು. ಬಂಡೆ ಹತ್ತಿ ಒಂದು ನರಿಯನ್ನು ಓಡಿಸಿ ಬಂದು, ಬಡಿಗೆ ಅದರ ಕವಲಿಗೆ ಇಟ್ಟು, ಮತ್ತೆ ಒಲೆ ಊದಲು ಕೂತಳು.

ನಾನು ಅದನ್ನು ನಲವತ್ತು ವರ್ಷ ಮಾಡಿದವಳು, ನನಗೆ ಅದರಲ್ಲಿ ನೋಡುವಂಥದೇನೂ ಕಾಣಲಿಲ್ಲ. ರೇಣುಕಾ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು. ಆಮೇಲೆ ಕೇಳಿದಳು, “ಅವ್ವಾ, ಎಲ್ಲಾ ಗೂಟಕ್ಕ ಹಾಕ್ತಿ, ಮೈಮ್ಯಾಲಿನ ಕಂಬಳಿ ಯಾಕ ಒಮ್ಮಿನೂ ತಗಿಯಲ್ಲ?”

ಶಾಂತವ್ವ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಹೇಳಿದಳು, “ಮಳಿಗೂ ಇದ, ಹಾಸಾಕೂ ಇದ, ಮರಿ ಸುತ್ತಾಕೂ ಇದ. ಕೆಲಸ ಬದಲಾದ್ರ ಕೈಯಾಗಿಂದು ಬದಲ ಮಾಡ್ತೀನಿ, ಮೈಮ್ಯಾಲಿಂದು ಯಾಕ ಮಾಡ್ಲಿ?”

ವಾಪಸು ಬರುವ ಬಸ್ಸಿನಲ್ಲಿ ರೇಣುಕಾ ನನ್ನ ಚೀಲಕ್ಕೆ ಎಡಗೈ ಹಾಕಿ ಫೋನು ತೆಗೆದಳು. ಬಹಳ ಹೊತ್ತು ಏನೇನೋ ತೆಗೆದು ನೋಡಿ, “ಆಯಿ” ಅಂದಳು. “ನೀ ಸಮ ಹಂಚಿದ್ದು ತಪ್ಪಲ್ಲ. ನಾವು ಮೂರೂ ಕೆಲಸ ಒಮ್ಮಿಗೇ ಕೈಯಾಗ ಹಿಡಕೊಂಡು ನಿಂತಿದ್ದು ತಪ್ಪು.”

ಮಗ ಹುಟ್ಟಿದಾಗಲೂ ನನಗೆ ಅಷ್ಟು ಹಗುರಾಗಿರಲಿಲ್ಲ. ಪಕ್ಕದ ಸೀಟಿನವನ ಹತ್ತಿರ ಒಂದು ಚಿಟಿಕೆ ಸುಣ್ಣ ಕೇಳಿ ಎಲೆಅಡಿಕೆ ಹಾಕಿಕೊಂಡೆ.

ಅಲ್ಲಿಂದ ಮುಂದಿನ ದಿನಗಳು ಎಷ್ಟು ಚೆಂದ ಹೋದವೆಂದರೆ, ಬರೆಯಲು ಕೂತರೆ ಕೈ ಓಡುತ್ತದೆ, ಅಕ್ಷರ ಹಿಂದೆ ಬೀಳುತ್ತವೆ. ಮೊದಲು ನಿಂಗವ್ವನ ಕಂಬಳಿ ಹುಡುಕಿದೆವು. ಗುರಾಣಿ ಹಿಡಿದರೂ ಉಸಿರು ಖರ್ಚು, ಎಲೆ ಹಚ್ಚಿದರೂ ಉಸಿರು ಖರ್ಚು, ಕತ್ತಿ ಬೀಸಿದರೂ ಉಸಿರು ಖರ್ಚು. ಹಾಗಾದರೆ ಮೂರಕ್ಕೂ ಬೇಕಾದದ್ದು ಉಸಿರು. ಉಸಿರು ಬೇಗ ತುಂಬುವ ಒಂದು ಹೊದಿಕೆ ಆ ಆಟದ ಗುಡ್ಡಗಳಲ್ಲಿ ಸಿಗುತ್ತದೆಂದು ರೇಣುಕಾ ಓದಿ ತಿಳಿದಳು. ಒಂಬತ್ತು ಮಧ್ಯಾಹ್ನ ಅಲೆದು ಅದನ್ನು ಗಳಿಸಿದೆವು. ಹಾಗೇ ಒಂದು ಜೊತೆ ಕೆರ, ಒಂದು ಸೊಂಟಪಟ್ಟಿ. ಇವು ಮೈಮೇಲಿನವು, ಬದಲಿಲ್ಲ. ಆಮೇಲೆ ಮೂರು ಗಂಟು ಕಟ್ಟಿದೆವು. ಒಂದರಲ್ಲಿ ಗುರಾಣಿ, ಗದೆ. ಒಂದರಲ್ಲಿ ಕೋಲು, ಎಲೆ. ಒಂದರಲ್ಲಿ ಜೋಡಿ ಕತ್ತಿ. ಒಂದು ಗಂಟು ಬಿಟ್ಟು ಇನ್ನೊಂದು ಎತ್ತಿಕೊಳ್ಳಬೇಕಾದರೆ ಎಂಟು ಎಣಿಸುವವರೆಗೆ ಅಲುಗದೆ ನಿಲ್ಲಬೇಕು, ಅದು ಆಟದ ಕಟ್ಟಳೆ. ಆ ಎಂಟು ಎಣಿಸುವಾಗ ಯಾರಾದರೂ ಹೊಡೆದರೆ ಸತ್ತಂತೆಯೇ. ಯಾವಾಗ ನಿಲ್ಲಬೇಕು, ಎಲ್ಲಿ ಮರೆಯಾಗಿ ನಿಲ್ಲಬೇಕು ಎನ್ನುವುದನ್ನು ಕಲಿಯಲು ಇನ್ನೊಂದು ವಾರ. ಆರು ಆರು ಹಂಚಿದ್ದರಿಂದ ಯಾವ ಕೆಲಸಕ್ಕೂ ನಿಂಗವ್ವ ಊರಿಗೆ ದೊಡ್ಡವಳಲ್ಲ, ಆದರೆ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಹೇಳುವಂತೆಯೂ ಇಲ್ಲ.

ಒಂದು ದಿನ ಗುರಾಣಿಯವನು ಬರಲಿಲ್ಲ. ಸರದಾರ ಬೇರೆ ದಾರಿಯಿಲ್ಲದೆ ನಮ್ಮನ್ನು ಕರೆದ. ನಿಂತೆವು, ತಾಳಿದೆವು. ಇನ್ನೊಂದು ದಿನ ಮೈಸೂರಿನ ಅಕ್ಕನ ಕೂಸಿಗೆ ಜ್ವರ. ಆ ದಿನ ಎಲೆಯ ಗಂಟು. ಬರಬರುತ್ತ ಆಟ ಶುರುವಾಗುವ ಮೊದಲೇ ಸರದಾರ ಹೇಳುವಂತಾದ, “ನಿಂಗವ್ವ ಬಂದಾಳಲ್ಲ, ಸಾಕು. ಯಾವ ಜಾಗ ಖಾಲಿ ಐತಿ ಅಲ್ಲಿ ಕಳಸ್ರಿ.” ನಾನು ಸೆರಗು ಎಳೆದುಕೊಳ್ಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಹೆಸರು ಕೇಳಿದರೆ ಎದೆ ಉಬ್ಬುತ್ತಿತ್ತು.

ಇದೆಲ್ಲ ನಡೆಯುವಾಗ ರಂಗಂಪೇಟೆಯ ಮೇಡಂಗೆ ಅಂಜುತ್ತಲೇ ಆಟದ ವಿಷಯ ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. ಅವರು ಫೋನು ಇಸಕೊಂಡು ನೋಡಿ, ಇದರಲ್ಲಿ ಎಲ್ಲ ಇದೆಯಲ್ಲ ಅಂದರು. ಗುರಾಣಿಗೆ ಒತ್ತಿ ಹಿಡಿಯಬೇಕು, ಎಲೆಗೆ ಒತ್ತಿ ಸರಿಸಬೇಕು, ಕತ್ತಿಗೆ ಬೇಗ ಬೇಗ ತಟ್ಟಬೇಕು. ಬೆರಳಿಗೆ ಬೇಕಾದ ಮೂರು ವ್ಯಾಯಾಮವೂ ಅವೇ. ಮೊದಲು ಅವಳ ಹೆಬ್ಬೆರಳು ಗಾಜಿನ ಮೇಲೆ ಇರಲಿ, ಅದರ ಮೇಲೆ ನಿಮ್ಮದು ಇರಲಿ, ನೀವೇ ಒತ್ತಿರಿ, ಹತ್ತು ನಿಮಿಷಕ್ಕೊಮ್ಮೆ ಬಿಡಿ ಎಂದು ಹೇಳಿಕೊಟ್ಟರು.

ಹಾಗೇ ಮಾಡಿದೆವು. ನನ್ನ ಹೆಬ್ಬೆರಳಿನ ಕೆಳಗೆ ಅವಳ ಹೆಬ್ಬೆರಳು. ತಣ್ಣಗೆ, ಹೊಲಿಗೆಯ ಗೆರೆ ಉಬ್ಬಿದ್ದ ಹೆಬ್ಬೆರಳು. ಮೊದಮೊದಲು ಅದು ಸತ್ತ ಮರಿಯ ಕಾಲಿನಂತೆ ಬಿದ್ದಿರುತ್ತಿತ್ತು. ಆಮೇಲೆ ಒಂದು ದಿನ ಗುರಾಣಿ ಹಿಡಿದಾಗ ಕೆಳಗಿನಿಂದ ಒಂದು ಅಲುಗಾಟ ತಿಳಿಯಿತು. ಗಬ್ಬದ ಕುರಿಯ ಹೊಟ್ಟೆಯ ಮೇಲೆ ಕೈ ಇಟ್ಟರೆ ಒಳಗಿನ ಮರಿ ಒದೆಯುತ್ತದಲ್ಲ, ಹಾಗೆ. ದಿನ ಹೋದಂತೆ ನನ್ನ ಭಾರ ಕಡಿಮೆ ಮಾಡುತ್ತ ಬಂದೆ. ಆದರೆ ನನ್ನ ಬೆರಳನ್ನು ಪೂರ್ತಿ ಎತ್ತಿದೆನೆಂದರೆ ಅವಳದು ಅಲ್ಲೇ ನಿಂತುಬಿಡುವುದು. “ಬ್ಯಾಡ ಆಯಿ, ಹರೀತದ” ಎನ್ನುವಳು. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಯಾದಗಿರಿಗೆ ಹೋಗಲು ಹದಿನೈದಿಪ್ಪತ್ತು ದಿನ ಉಳಿದವು. ಬೆರಳು ನನ್ನ ಬೆರಳಿನ ಕೆಳಗೆ ಮಾತ್ರ ಬದುಕಿತ್ತು.

ಈಗ ರೇಣುಕಾ ಯಾದಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ಜನ ಅನ್ನುತ್ತಾರಂತೆ. ಮೊದಲ ಪಗಾರದಲ್ಲಿ ನನಗೊಂದು ಇಳಕಲ್ ಸೀರೆ ತಂದಳು. ಅದನ್ನೆಲ್ಲ ಊರಿಗೆಲ್ಲ ಹೇಳಿ ಆಗಿದೆ, ಕೇಳಿ ಕೇಳಿ ಜನ ಬೇಜಾರಾಗಿದ್ದಾರೆ. ಯಾರಿಗೂ ಹೇಳದೆ ಉಳಿದದ್ದು ಒಂದು ಮಧ್ಯಾಹ್ನದ ಮಾತು.

ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅವತ್ತು ಎಲ್ಲರೂ ಸೇರಿ ಮತ್ತೆ ಆ ಸುತ್ತಿಗೆ ರಾಕ್ಷಸನ ಬಾಗಿಲಿಗೆ ಹೋಗಿದ್ದರು. ನಿಂಗವ್ವ ಜೋಡಿ ಕತ್ತಿ ಹಿಡಿದಿದ್ದಳು. ಹೊಡೆತ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ಕೊಟ್ಟಿಗೆಯಿಂದ ಗಬ್ಬದ ಕೆಂದಿ ಕುರಿ ಒದರಿತು. ಅದು ಹಸಿವಿನ ಕೂಗಲ್ಲ, ನನಗೆ ಗೊತ್ತಾಯಿತು. ಎದ್ದು ಹೋಗಿ ನೋಡಿದರೆ ಮರಿಯ ಒಂದು ಕಾಲು ಮಾತ್ರ ಹೊರಗೆ ಬಂದಿದೆ, ಇನ್ನೊಂದು ಒಳಗೆ ಮಡಚಿ ಸಿಕ್ಕಿಕೊಂಡಿದೆ. ಬಿಟ್ಟು ಬಂದರೆ ತಾಯಿ ಮರಿ ಎರಡೂ ಹೋಗುತ್ತವೆ. ಫೋನು ಬಂದ್ ಮಾಡು ಎಂದು ಅಲ್ಲಿಂದಲೇ ಹೇಳಿ, ಕೈಗೆ ಎಣ್ಣೆ ಹಚ್ಚಿಕೊಂಡು ಕೂತೆ. ಮರಿಯನ್ನು ಹಿಂದಕ್ಕೆ ನೂಕಿ, ಮಡಚಿದ ಕಾಲು ಹುಡುಕಿ, ನೆಟ್ಟಗೆ ಮಾಡಿ ಎಳೆಯುವ ಹೊತ್ತಿಗೆ ಬೆವರು ಇಳಿಯಿತು. ಹೆಣ್ಣು ಮರಿ. ಮೂಗು ಒರೆಸಿ, ಹುಲ್ಲಿನಿಂದ ಮೈ ತಿಕ್ಕಿದೆ. ಸೀನಿತು. ತಾಯಿ ನೆಕ್ಕಲು ಶುರು ಮಾಡಿದ ಮೇಲೆ ಎದ್ದೆ.

ನಡುಮನೆಯ ಬಾಗಿಲಿಗೆ ಬಂದರೆ ಫೋನಿನ ಸದ್ದು ಇನ್ನೂ ಬರುತ್ತಿತ್ತು. ಬಂದ್ ಮಾಡಿರಲಿಲ್ಲ. ರೇಣುಕಾ ದಿಂಬಿಗೆ ಫೋನು ಆನಿಸಿಕೊಂಡು ಬಗ್ಗಿ ಕೂತಿದ್ದಳು. ಎಡ ಹೆಬ್ಬೆರಳು ನಡೆಸುತ್ತಿತ್ತು. ಬಲ ಹೆಬ್ಬೆರಳು ತಟ್ಟುತ್ತಿತ್ತು. ಒಂದು, ತಡೆದು ಇನ್ನೊಂದು, ತಡೆದು ಇನ್ನೊಂದು. ಮೇಲೆ ಯಾರ ಬೆರಳೂ ಇರಲಿಲ್ಲ.

“ಅಕ್ಕನ ನೆಟ್ ಹೋಗೇತಿ, ಮಾಯಿಸವ್ರು ಯಾರೂ ಇಲ್ಲ” ಎಂದು ಸರದಾರ ಕೂಗುತ್ತಿದ್ದ. ರೇಣುಕಾ ನಿಂಗವ್ವನನ್ನು ಒಂದು ಕಂಬದ ಮರೆಗೆ ಓಡಿಸಿ ನಿಲ್ಲಿಸಿದಳು. ಅವಳ ತುಟಿ ಎಣಿಸುವುದು ಕಾಣುತ್ತಿತ್ತು. ಬಾಗಿಲಲ್ಲಿ ನಾನೂ ಎಣಿಸಿದೆ. ಎಂಟಕ್ಕೆ ಕತ್ತಿ ಹೋಗಿ ಕೋಲು ಬಂತು. ಹೆಬ್ಬೆರಳು ಎಲೆಯ ಮೇಲೆ ಬಾಗಿತು, ಒತ್ತಿತು, ಸರಿಸಿತು. ಹೊಲಿಗೆಯ ಗೆರೆಯ ಕೆಳಗೆ ಬೆರಳಿನ ಗಂಟು ಮಡಚಿದ್ದನ್ನು ಅಷ್ಟು ದೂರದಿಂದ ನನ್ನ ಈ ಕಣ್ಣುಗಳಿಂದ ಕಂಡೆ.

“ನಿಂಗವ್ವಾ, ಇವತ್ತ ಯಾಕ ನಿನ್ನ ಕೈ ಇಷ್ಟು ನಿಧಾನ?” ಎಂದ ಸರದಾರ.

“ನಿಧಾನ ಆದ್ರೂ ನಂದೇ ಕೈ ಅಣ್ಣಾ” ಎಂದಳು ರೇಣುಕಾ. “ಎಲಿ ಕೊಟ್ಟೀನಿ, ನೀ ನಡಿ ಮುಂದ.”

ನನ್ನ ಕಣ್ಣು ತುಂಬಿ ಎಲ್ಲ ಮಸುಕಾಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಮೊಣಕೈತನಕ ರಕ್ತ, ಲೋಳೆ. ಹಾಗೇ ಕೈ ದೂರ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತೆ. ಅವಳು ತಲೆ ಎತ್ತದೆಯೇ ಹೇಳಿದಳು, “ಆಯಿ, ಅಲ್ಲಿ ಯಾಕ ನಿಂತಿ? ಹೋಗು, ಕೈ ತೊಳಕೋ. ನಾ ಮುಗಸ್ತೀನಿ.”

ನಾನು ಹೋಗಲಿಲ್ಲ. ಕೈಮೇಲಿನ ರಕ್ತ ಒಣಗಿ ಬಿಗಿಯುವವರೆಗೂ ನೋಡುತ್ತ ಅಲ್ಲೇ ನಿಂತಿದ್ದೆ.